ಸಾಮುದಾಯಿಕ ಓಟ–ನಡಿಗೆ

ವಯಸ್ಸು, ವೇಗಗಳ ಹಂಗಿಲ್ಲದೆ ಜನ ಒಂದೆಡೆ ಸೇರಿ ಗೊತ್ತಾದ ದೂರವನ್ನು ಓಡುವ ಅಥವಾ ನಡೆಯುವ ಕೂಟ. ಇದರ ಚರಿತ್ರೆಯನ್ನು ಮ್ಯಾರಥಾನಿನಿಂದ ಶುರುಮಾಡುವವರಿದ್ದಾರೆ. ಆದರೆ ಮ್ಯಾರಥಾನು ಮೊದಲು ಮುಟ್ಟಿದವನ ಕಥೆ. ಇದು ಕೊನೆಗೆ ಬರುವವನ ಕಥೆ. ಅದರ ಎಳೆ ಸಿಗುವುದು ಲಂಡನ್ನಿನ ಬಸ್ಸುಗಳಲ್ಲಿ.

1953ರಲ್ಲಿ ವೈದ್ಯವಿಜ್ಞಾನಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ ಸಾರಿಗೆಯ ಸುಮಾರು 31,000 ನೌಕರರ ಹೃದ್ರೋಗದ ಲೆಕ್ಕವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಡಬಲ್ ಡೆಕ್ಕರ್ ಬಸ್ಸಿನ ಚಾಲಕ ಪಾಳಿಯ ಬಹುಪಾಲು ಕೂತೇ ಇರುತ್ತಾನೆ. ಅದೇ ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಾನೆ. ಕಂಡಕ್ಟರುಗಳಿಗೆ ಹೃದ್ರೋಗ ಬರುವುದು ಕಡಿಮೆ, ಬಂದರೂ ತಡವಾಗಿ. ದಪ್ಪ ಮೈಯವರೇ ಚಾಲಕರಾಗಿ ಸೇರುತ್ತಿರಬಹುದಲ್ಲ ಎಂಬ ಅನುಮಾನಕ್ಕೆ ಉತ್ತರ ಹುಡುಕಲು ಮಾರಿಸ್ ಹೊರಳಿದ್ದು ಸಮವಸ್ತ್ರದ ಅಳತೆಗಳ ಕಡೆಗೆ. 1956ರ ಲೇಖನದ ಪ್ರಕಾರ ಚಾಲಕರ ಪ್ಯಾಂಟಿನ ಸೊಂಟದಳತೆ ನಿಜಕ್ಕೂ ದೊಡ್ಡದಿತ್ತು. ಆದರೆ ತೆಳ್ಳಗಿನವರನ್ನು ತೆಳ್ಳಗಿನವರೊಡನೆ, ಬೊಜ್ಜಿನವರನ್ನು ಬೊಜ್ಜಿನವರೊಡನೆ ಹೋಲಿಸಿದಾಗಲೂ ಕಂಡಕ್ಟರೇ ಕ್ಷೇಮ ಎಂದು ಮುಂದೆ ಗೊತ್ತಾಯಿತು. ದುಡಿಮೆಯ ಹೊತ್ತಿನ ಸಾಧಾರಣ ಓಡಾಟವೂ ಹೃದಯವನ್ನು ಕಾಯುತ್ತದೆ ಎನ್ನುವುದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆಗಳಲ್ಲಿ ಇದೊಂದು.

ಇತ್ತ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್, 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಪೀಟರ್ ಸ್ನೆಲ್ ಮತ್ತು ಮರೆ ಹಾಲ್ಬರ್ಗರ ಗುರು, 1962ರಲ್ಲಿ ಆಕ್ಲೆಂಡಿನಲ್ಲಿ ನಡುವಯಸ್ಸಿನವರನ್ನು ಕಟ್ಟಿಕೊಂಡು ಓಡಿಸತೊಡಗಿದರು. ಅವರಲ್ಲಿ ಹೃದಯಾಘಾತವಾಗಿ ಚೇತರಿಸಿಕೊಂಡವರೂ ಇದ್ದರು. ಮಾತಾಡುತ್ತ ಓಡಲಾಗದಿದ್ದರೆ ವೇಗ ಹೆಚ್ಚಾಯಿತು ಎಂಬುದೇ ಅಲ್ಲಿಯ ಅಳತೆಗೋಲು. ಅದೇ ವರ್ಷದ ಕೊನೆಗೆ ಅಲ್ಲಿಗೆ ಬಂದ ಅಮೆರಿಕದ ತರಬೇತುದಾರ ಬಿಲ್ ಬವರ್ಮನ್‌ಗೆ ಆಗ 51 ವರ್ಷ. ಏದುಸಿರು ಬಿಡುತ್ತ ಹಿಂದೆ ಬಿದ್ದ ಅವರಿಗೆ ಜೊತೆ ಕೊಟ್ಟು ಕರೆತಂದವರು ಎಪ್ಪತ್ತು ದಾಟಿದ ಹೃದ್ರೋಗಿಯೊಬ್ಬರು. ಊರಿಗೆ ಮರಳಿದ ಬವರ್ಮನ್ ಹೃದ್ರೋಗತಜ್ಞ ಡಬ್ಲ್ಯೂ. ಇ. ಹ್ಯಾರಿಸ್ ಜೊತೆಗೂಡಿ ಬರೆದ ‘ಜಾಗಿಂಗ್’ ಪುಸ್ತಕ 1967ರಲ್ಲಿ ಬಂತು. ಆ ಪದ ಜನರ ಬಾಯಿಗೆ ಬಿತ್ತು.

ಇಂದು ಈ ಬಗೆಯ ಕೂಟಗಳಲ್ಲಿ ಹೆಚ್ಚು ಹೆಸರಾದದ್ದು ಪಾರ್ಕ್‌ರನ್. ಕೆಲಸ ಕಳೆದುಕೊಂಡು, ಗಾಯದಿಂದ ಓಡಲೂ ಆಗದಿದ್ದ ಪಾಲ್ ಸಿಂಟನ್-ಹೆವಿಟ್ ಗೆಳೆಯರ ಸಹವಾಸ ತಪ್ಪಬಾರದೆಂದು 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕಿನಲ್ಲಿ 5 ಕಿ.ಮೀ. ಓಟ ಏರ್ಪಡಿಸಿದರು. ಓಡಿದವರು 13 ಮಂದಿ. ಆರಂಭದ ದಿನಗಳಲ್ಲಿ ಮುಗಿಸಿದವರ ಕೈಗೆ ಇಡುತ್ತಿದ್ದ ಟೋಕನ್‌ಗಳು ಹಾರ್ಡ್‌ವೇರ್ ಅಂಗಡಿಯಿಂದ ತಂದ, ಸಂಖ್ಯೆ ಒತ್ತಿದ ವಾಷರ್‌ಗಳು. ಓಟದ ನಂತರದ ಕಾಫಿಯೂ ಮೊದಲ ದಿನಗಳಿಂದಲೇ ಕಾರ್ಯಕ್ರಮದ ಭಾಗ. 2007ರಲ್ಲಿ ವಿಂಬಲ್ಡನ್ನಿನಲ್ಲಿ ಎರಡನೆಯ ಕೂಟ ಹುಟ್ಟಿತು. ಆಮೇಲೆ ಹಲವು ದೇಶಗಳಿಗೆ ಹಬ್ಬಿತು. ಪ್ರತಿ ಶನಿವಾರ ಬೆಳಿಗ್ಗೆ, ಶುಲ್ಕವಿಲ್ಲದೆ, ಊರಿನ ಸ್ವಯಂಸೇವಕರಿಂದಲೇ ನಡೆಯುತ್ತದೆ. ಅವರಲ್ಲೊಬ್ಬರು ಎಲ್ಲರಿಗಿಂತ ಹಿಂದೆ ನಡೆದು ಬರುತ್ತಾರೆ, ಬೇರಾರೂ ಕೊನೆಯವರಾಗದಿರಲಿ ಎಂದು. ಇಡೀ ಏರ್ಪಾಡಿನಲ್ಲಿ ಜಾಣತನದ್ದು ಇದೊಂದೇ ಉಪಾಯ ಎಂದರೂ ನಡೆದೀತು. 2017ರಲ್ಲಿ ಇಂಗ್ಲೆಂಡಿನ ಹೇವರಿಗ್ ಜೈಲಿನೊಳಗೂ ಪಾರ್ಕ್‌ರನ್ ಆರಂಭವಾಯಿತು.

2018ರಲ್ಲಿ ಬ್ರಿಟನ್ನಿನ ಕುಟುಂಬವೈದ್ಯರ ರಾಯಲ್ ಕಾಲೇಜು ಪಾರ್ಕ್‌ರನ್ ಜೊತೆ ಕೈಜೋಡಿಸಿತು. ಚಿಕಿತ್ಸಾಲಯಗಳು ಹತ್ತಿರದ ಕೂಟಕ್ಕೆ ನಂಟು ಬೆಳೆಸಿ, ರೋಗಿಗಳಿಗೆ ಓಟ ಅಥವಾ ನಡಿಗೆಯನ್ನು ಸೂಚಿಸಲಿ ಎಂಬುದು ಉದ್ದೇಶ. ಬಿರುಸಿನ ನಡಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡಲು ನೆರವಾಗುತ್ತದೆ, ಮನಸ್ಸಿನ ಕುಗ್ಗನ್ನು ತಗ್ಗಿಸುತ್ತದೆ. ಒಂಟಿಯಾಗಿ ನಡೆದರೂ ಈ ಲಾಭ ಇದ್ದೇ ಇದೆ. ಕೂಟದಲ್ಲಿ ಹೆಚ್ಚುವರಿಯಾಗಿ ಸಿಗುವುದು ಬೇರೆ: ವಾರ ತಪ್ಪಿಸಿದರೆ ‘ಎಲ್ಲಿ, ಕಾಣಲಿಲ್ಲ?’ ಎಂದು ಕೇಳುವವರು. ಅದೇ ವರ್ಷ ಶೆಫೀಲ್ಡ್ ಹ್ಯಾಲಂ ವಿಶ್ವವಿದ್ಯಾಲಯ 60,000ಕ್ಕೂ ಹೆಚ್ಚು ಮಂದಿಯನ್ನು ಪ್ರಶ್ನಿಸಿದಾಗ ಬಹುಪಾಲು ಜನ ಏನನ್ನೋ ಸಾಧಿಸಿದ ತೃಪ್ತಿಯನ್ನು ಹೇಳಿಕೊಂಡರು. ಇಂಥ ಸಮೀಕ್ಷೆಗಳನ್ನು ತುಸು ಎಚ್ಚರದಿಂದಲೇ ಓದಬೇಕು. ಉತ್ತರಿಸುವವರು ಇಷ್ಟಪಟ್ಟು ಬಂದವರು. ಬಿಟ್ಟುಹೋದವರ ದನಿ ಅಲ್ಲಿರುವುದಿಲ್ಲ.

ಕರ್ನಾಟಕದಲ್ಲಿ ಈ ಬಗೆಯ ಓಟಕ್ಕೆ ದೊಡ್ಡ ಹೆಸರು 2008ರಲ್ಲಿ ಆರಂಭವಾದ ಬೆಂಗಳೂರಿನ 10 ಕಿ.ಮೀ. ಓಟ. ವಿಶ್ವಮಟ್ಟದ ಓಟಗಾರರು ಬರುವ ಇದೇ ಸ್ಪರ್ಧೆಯ ‘ಮಜಾ ರನ್’ ವಿಭಾಗದಲ್ಲಿ ವೇಷ ಹಾಕಿಕೊಂಡವರೂ ಹರಟುತ್ತ ನಡೆಯುವವರೂ ಕಾಣಸಿಗುತ್ತಾರೆ. ಆದರೆ ಇದು ಶುಲ್ಕ ಕಟ್ಟಿ ಸೇರುವ, ವರ್ಷಕ್ಕೊಮ್ಮೆಯ ಜಾತ್ರೆ. ವಾರವಾರದ ಒಡನಾಟಕ್ಕೆ ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ಬೆಳಗಿನ ನಡಿಗೆಯ ಗುಂಪುಗಳೇ ಹತ್ತಿರ.

ಮೊದಲು ಬಂದವರೆಷ್ಟು ಮುಖ್ಯ ಎಂಬ ತಕರಾರು ತೀರಿಲ್ಲ. 2024ರ ಫೆಬ್ರುವರಿಯಲ್ಲಿ ಪಾರ್ಕ್‌ರನ್ ತನ್ನ ಜಾಲತಾಣದಿಂದ ಕೂಟದಾಖಲೆಗಳ, ಅತಿವೇಗದ ಓಟಗಳ ಪಟ್ಟಿಗಳನ್ನು ತೆಗೆದುಹಾಕಿತು; ಹೊಸಬರು ಹಿಂಜರಿಯಬಾರದೆಂಬುದು ಕಾರಣ. ಪಟ್ಟಿ ಮರಳಬೇಕೆಂದು ಸಾವಿರಾರು ಓಟಗಾರರು ಮನವಿಗೆ ಸಹಿ ಹಾಕಿದರು.