ಉಸಿರಿನ ಅಳತೆ: ಕಣ್ಣಂದಾಜಿನಿಂದ ಬೆರಳ ತುದಿಯವರೆಗೆ



ನಾವಿಂದು ಸೇರಿರುವ ಮುಕಿಲ್ಟಿಯೊಗೂ ನೆರೆಯ ಎವರೆಟ್ ನಗರಕ್ಕೂ ಇರುವುದು ಕೆಲವೇ ಮೈಲಿಗಳ ಅಂತರ. ಅಮೆರಿಕದಲ್ಲಿ ಮೊಟ್ಟಮೊದಲು ದೃಢಪಟ್ಟ ಕೊರೋನಾ ರೋಗಿಗೆ 2020ರ ಜನವರಿಯಲ್ಲಿ ಚಿಕಿತ್ಸೆ ನೀಡಿದ್ದು ಆ ಎವರೆಟ್‌ನ ಪ್ರಾವಿಡೆನ್ಸ್ ಆಸ್ಪತ್ರೆ. ಊಹಾನ್‌ನಿಂದ ಮರಳಿದ್ದ 35 ವರ್ಷದ ಆ ವ್ಯಕ್ತಿ ಜನವರಿ 19ರಂದು ಚಿಕಿತ್ಸಾಲಯಕ್ಕೆ ನಡೆದು ಬಂದಾಗ ಅವರ ರಕ್ತದ ಆಮ್ಲಜನಕದ ಪ್ರಮಾಣ ಶೇಕಡಾ 96; ಎದೆಯ ಎಕ್ಸ್‌ರೇಯಲ್ಲಿ ದೋಷವೇನೂ ಕಾಣಲಿಲ್ಲ. ಆಸ್ಪತ್ರೆ ಸೇರಿದ ಐದನೆಯ ದಿನದ ಸಂಜೆ ಆ ಅಂಕಿ 90ಕ್ಕೆ ಇಳಿಯಿತು. ಅದೇ ದಿನದ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಾಣಿಸಿತು. ಮರುದಿನ ನಿಮಿಷಕ್ಕೆ ಎರಡು ಲೀಟರಿನಂತೆ ಆಮ್ಲಜನಕ, ಏಳನೆಯ ದಿನದ ಸಂಜೆ ರೆಮ್‌ಡೆಸಿವಿರ್. ಎಂಟನೆಯ ದಿನ ಕೃತಕ ಆಮ್ಲಜನಕದ ಅಗತ್ಯವೇ ಉಳಿಯಲಿಲ್ಲ. ಒಬ್ಬ ರೋಗಿಯ ವೃತ್ತಾಂತದಿಂದ ಔಷಧದ ಗುಣ ಸಿದ್ಧವಾಗದು, ನಿಜ. ಆದರೆ ಬೆರಳಿಗೆ ಸಿಕ್ಕಿಸಿದ ಒಂದು ಪುಟ್ಟ ಸಾಧನ ಬರಲಿರುವ ಅಪಾಯದ ಸುಳಿವು ಕೊಡಬಲ್ಲದೆಂಬುದಕ್ಕೆ ಇದು ನಮ್ಮ ನೆರೆಮನೆಯ ಸಾಕ್ಷಿ. ಆ ಸುಳಿವನ್ನು ಓದಲು ವೈದ್ಯರು ಹೇಗೆ ಕಲಿತರು, ಅದನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು ಎಂಬುದೇ ಇಂದಿನ ನನ್ನ ವಿಷಯ.

ಹಿಂದಿನ ವೈದ್ಯರಿಗೆ ಇದ್ದ ಸಾಧನ ಕಣ್ಣೊಂದೇ. ತುಟಿ ಮತ್ತು ಉಗುರು ನೀಲಿಗಟ್ಟಿದರೆ ಪ್ರಾಣವಾಯು ಸಾಲದೆಂದು ತಿಳಿಯುತ್ತಿದ್ದರು. ಈ ನಂಬಿಕೆಯನ್ನು 1947ರಲ್ಲಿ ಕಾಮ್ರೋ ಮತ್ತು ಬೊಟೆಲ್ಹೊ ಪರೀಕ್ಷೆಗೆ ಒಡ್ಡಿದರು. ಆಮ್ಲಜನಕ ಶೇಕಡಾ 80ರ ಸುಮಾರಿಗೆ ಕುಸಿಯುವವರೆಗೂ ಹೆಚ್ಚಿನ ವೀಕ್ಷಕರಿಗೆ ನೀಲಿಬಣ್ಣ ನಿಚ್ಚಳವಾಗಿ ಕಾಣಲಿಲ್ಲ. ಕಣ್ಣಿಗೆ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು.

ಕಣ್ಣಿನ ಬದಲು ಬೆಳಕಿನಿಂದ ಅಳೆಯುವ ಯತ್ನ ಬಲಗೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಎತ್ತರದಲ್ಲಿ ಹಾರುವ ವೈಮಾನಿಕರು ತಮಗರಿವಿಲ್ಲದೆಯೇ ಪ್ರಜ್ಞೆ ತಪ್ಪುತ್ತಿದ್ದರು. ಅವರಿಗಾಗಿ ಕಿವಿಗೆ ತೊಡಿಸುವ ಉಪಕರಣವೊಂದನ್ನು ರೂಪಿಸಿದ ಗ್ಲೆನ್ ಮಿಲಿಕನ್ ಅದನ್ನು ಆಕ್ಸಿಮೀಟರ್ ಎಂದು ಕರೆದರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನು ಕೆಂಪು ಬೆಳಕನ್ನು ಹೆಚ್ಚಾಗಿ ಹಾಯಗೊಡುತ್ತದೆ, ಹೊರದದ್ದು ತಡೆಯುತ್ತದೆ. ಎಲ್ಲದರ ಮೂಲ ಇಷ್ಟೇ. ಆದರೆ ಚರ್ಮ, ಮಾಂಸ, ಅಭಿಧಮನಿಯ ರಕ್ತ ಇವೂ ಬೆಳಕನ್ನು ಹೀರುವುದರಿಂದ ಅಳತೆ ಕೆಡುತ್ತಿತ್ತು. ಜಪಾನಿನ ನಿಹೊನ್ ಕೊಹ್ಡೆನ್ ಸಂಸ್ಥೆಯ ಟಾಕುವೊ ಅಒಯಾಗಿ ಬೇರೊಂದು ಅಳತೆಯಲ್ಲಿ ತೊಡಗಿದ್ದಾಗ ನಾಡಿಯ ಮಿಡಿತ ಅವರ ಕೆಲಸಕ್ಕೆ ಅಡ್ಡಬರುತ್ತಿತ್ತು. ಮಿಡಿಯುವುದು ಅಪಧಮನಿಯ ರಕ್ತ ಮಾತ್ರ. ಹಾಗಾದರೆ ಮಿಡಿಯುವ ಬೆಳಕನ್ನಷ್ಟೇ ಅಳೆದರೆ ಸಾಕಲ್ಲ ಎಂದು ಅವರಿಗೆ ಹೊಳೆಯಿತು. 1974ರಲ್ಲಿ ಪ್ರಕಟವಾದ ಈ ತತ್ತ್ವವೇ ಇಂದಿನ ಪಲ್ಸ್ ಆಕ್ಸಿಮೀಟರಿನ ಜೀವಾಳ. ಲೋಕವೆಲ್ಲ ಆ ಸಾಧನವನ್ನು ಅರಸುತ್ತಿದ್ದ 2020ರ ಏಪ್ರಿಲ್ ತಿಂಗಳಿನಲ್ಲೇ ಅಒಯಾಗಿ ತೀರಿಕೊಂಡರು.

ಅಳೆಯುವ ಬಗೆ ಸಿಕ್ಕಿತು. ಅಳತೆಯ ಅರ್ಥ ಇನ್ನೊಂದು ದಾರಿಯಿಂದ ಬಂತು. 1967ರಲ್ಲಿ ಡೆನ್ವರ್‌ನ ಆಶ್‌ಬಾ, ಬಿಗೆಲೋ, ಪೆಟ್ಟಿ ಮತ್ತು ಲೆವಿನ್ ಎಂಬ ವೈದ್ಯರು ಹನ್ನೆರಡು ರೋಗಿಗಳ ವಿವರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮ್ಲಜನಕ ಎಷ್ಟು ಕೊಟ್ಟರೂ ಅವರ ರಕ್ತಕ್ಕೆ ಅದು ಸೇರುತ್ತಿರಲಿಲ್ಲ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ದ್ರವ ತುಂಬಿಕೊಳ್ಳುವುದು ಇದರ ಕಾರಣ. ಏಳು ಮಂದಿ ಬದುಕುಳಿಯಲಿಲ್ಲ. ಇಂದು ಎಆರ್‌ಡಿಎಸ್ ಎಂದು ಹೆಸರಾದ ತೀವ್ರ ಶ್ವಾಸಸಂಕಟ ಇದೇ. ನಮ್ಮ ಕೌಂಟಿಯ ದಕ್ಷಿಣಕ್ಕಿರುವ ಕಿಂಗ್ ಕೌಂಟಿಯಲ್ಲಿ 1999–2000ರಲ್ಲಿ ನಡೆದ ಅಧ್ಯಯನ 21 ಆಸ್ಪತ್ರೆಗಳಲ್ಲಿ ಇಂಥ ಶ್ವಾಸಕೋಶದ ಹಾನಿಗೊಳಗಾದ 1,113 ರೋಗಿಗಳನ್ನು ಗುರುತಿಸಿತು. ಅವರಲ್ಲಿ ಸುಮಾರು ಶೇಕಡಾ 38 ಮಂದಿ ಆಸ್ಪತ್ರೆಯಲ್ಲೇ ಅಸುನೀಗಿದರು.

ಇಂಥ ರೋಗವನ್ನು ಅಳೆಯಲು ಬರಿಯ ಶೇಕಡಾವಾರು ಸಾಲದು. ಇಬ್ಬರು ರೋಗಿಗಳ ಬೆರಳಿನಲ್ಲೂ 94 ಎಂದೇ ತೋರುತ್ತಿದೆಯೆನ್ನಿ. ಒಬ್ಬರು ಶೇಕಡಾ 21ರಷ್ಟು ಆಮ್ಲಜನಕವಿರುವ ಸಾಮಾನ್ಯ ಗಾಳಿಯನ್ನು ಉಸಿರಾಡುತ್ತಿದ್ದಾರೆ. ಇನ್ನೊಬ್ಬರಿಗೆ ಶೇಕಡಾ 60ರಷ್ಟು ಆಮ್ಲಜನಕ ಕೊಡಲಾಗಿದೆ. 94ನ್ನು 0.21ರಿಂದ ಭಾಗಿಸಿದರೆ ಸುಮಾರು 448, 0.60ರಿಂದ ಭಾಗಿಸಿದರೆ 157. ಮೊದಲನೆಯವರ ಶ್ವಾಸಕೋಶ ತನ್ನ ಕೆಲಸ ಮಾಡುತ್ತಿದೆ, ಎರಡನೆಯವರದು ಸೋಲುತ್ತಿದೆ. ಅಪಧಮನಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆಗೆ ಈ ಸರಳ ಭಾಗಾಕಾರ ಬದಲಿಯಾಗಬಲ್ಲದೆಂದು 2007ರಲ್ಲಿ ಟಾಡ್ ರೈಸ್ ಮತ್ತು ಸಂಗಡಿಗರು ತೋರಿಸಿದರು. ಆಸ್ಪತ್ರೆಗೆ ಬಂದ ಮೊದಲ ಆರು ಗಂಟೆಗಳಲ್ಲಿ ಈ ಭಾಗಲಬ್ಧ ಕಡಿಮೆಯಿದ್ದವರಿಗೆ ಮುಂದೆ ಎಆರ್‌ಡಿಎಸ್ ಬರುವ ಸಂಭವ ಹೆಚ್ಚೆಂದು 2015ರ ಅಧ್ಯಯನವೊಂದು ಕಂಡುಕೊಂಡಿತು. 2023ರಲ್ಲಿ ಪ್ರಕಟವಾದ ಹೊಸ ಜಾಗತಿಕ ವ್ಯಾಖ್ಯೆ 315 ಅಥವಾ ಅದಕ್ಕಿಂತ ಕಡಿಮೆಯ ಭಾಗಲಬ್ಧವನ್ನು ರೋಗನಿರ್ಣಯದ ಆಧಾರಗಳಲ್ಲೊಂದೆಂದು ಒಪ್ಪಿತು. ರಕ್ತಪರೀಕ್ಷೆಯ ಸೌಲಭ್ಯವಿಲ್ಲದ ತಾಲ್ಲೂಕು ಆಸ್ಪತ್ರೆಗೂ ಇದರಿಂದ ಒಂದು ಅಳತೆಗೋಲು ದೊರೆತಂತಾಯಿತು.

ಈಗ ತಾಯ್ನಾಡಿನ ಕಡೆ ತಿರುಗೋಣ. 2021ರ ಆ ಬೇಸಿಗೆಯನ್ನು ನಮ್ಮಲ್ಲಿ ಮರೆತವರಾರು? ಇಲ್ಲಿ ಸರಿರಾತ್ರಿ, ಅಲ್ಲಿ ಹಾಡುಹಗಲು, ದೂರವಾಣಿಯಲ್ಲಿ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ “ಅಪ್ಪಾ, ಈಗ ಎಷ್ಟು ತೋರಿಸ್ತಿದೆ?” ಎಂಬುದೇ. ಆ ಮೇ 2 ಮತ್ತು 3ರಂದು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಮೃತರಾದರು. ಅಂಕಿ ಎಷ್ಟೇ ಸರಿಯಾಗಿ ಎಚ್ಚರಿಸಿದರೂ ಸಿಲಿಂಡರು ಬರಿದಾಗಿದ್ದರೆ ಆ ಎಚ್ಚರಿಕೆ ಯಾರನ್ನೂ ಉಳಿಸದು.

ಇನ್ನೊಂದು ಮಾತು ನಮಗೆಲ್ಲ ನೇರವಾಗಿ ತಟ್ಟುವಂಥದು. ಬೆಳಕು ಚರ್ಮವನ್ನು ಹಾದುಹೋಗಬೇಕಾಗಿರುವುದರಿಂದ ಚರ್ಮದ ಬಣ್ಣವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. 2020ರ ಡಿಸೆಂಬರಿನಲ್ಲಿ ಪ್ರಕಟವಾದ ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಯನದ ಪ್ರಕಾರ, ಸಾಧನವು 92ರಿಂದ 96ರವರೆಗೆ ತೋರಿಸುತ್ತಿದ್ದಾಗ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿದ್ದ ಸಂದರ್ಭಗಳು ಬಿಳಿಯರಲ್ಲಿ ಶೇಕಡಾ 3.6, ಕರಿಯರಲ್ಲಿ ಶೇಕಡಾ 11.7. ಏಷ್ಯಾ ಮೂಲದವರಲ್ಲೂ ಅಂಕಿ ನಿಜಕ್ಕಿಂತ ಹೆಚ್ಚಾಗಿ ತೋರಬಹುದೆಂದು 2022ರ ಅಧ್ಯಯನವೊಂದು ಹೇಳಿತು.

ಆದ್ದರಿಂದ ಬಂಧುಗಳೆ, ಊರಿನ ತಂದೆತಾಯಿಯರಿಗೆ ಕಾಯಿಲೆಯಾದಾಗ “ಎಷ್ಟು?” ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ನಿನ್ನೆ ಎಷ್ಟಿತ್ತು, ಆಮ್ಲಜನಕ ಕೊಟ್ಟಿದ್ದಾರೆಯೇ, ಕೊಟ್ಟಿದ್ದರೆ ಎಷ್ಟು, ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತಿದ್ದಾರೆ ಎಂದೂ ವಿಚಾರಿಸಿ. ಅಂಕಿ ಚೆನ್ನಾಗಿದ್ದೂ ಮಾತು ಮುಗಿಸಲಾರದಷ್ಟು ಏದುಸಿರಿದ್ದರೆ ಅಂಕಿಯನ್ನು ಬದಿಗಿಟ್ಟು ಉಸಿರನ್ನು ನಂಬಿ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ. ಕಣ್ಣೊಂದನ್ನೇ ನಂಬಿದ್ದ ಕಾಲವನ್ನು ನಾವು ದಾಟಿ ಬಂದಿದ್ದೇವೆ, ನಿಜ. ಹಾಗೆಂದು ಕಣ್ಣನ್ನು ಪೂರ್ತಿಯಾಗಿ ಮುಚ್ಚಿಕೊಳ್ಳುವುದು ಬೇಡ.