ನೆಟ್ ಬಂದ್ ಆದಾಗ ಯಾರಿಗೆ ಫೋನ್ ಮಾಡ್ತೀರಿ?

ವೀಕ್ಷಕರೇ, ಇವತ್ತು ಒಂದು ಸಣ್ಣ ಪ್ರಶ್ನೆ. ಮನೆಯಲ್ಲಿ ನೆಟ್ ಬಂದ್ ಆಯ್ತು ಅಂದುಕೊಳ್ಳಿ. ವೈಫೈ ಡಬ್ಬಿಯಲ್ಲಿ ಕೆಂಪು ದೀಪ ಮಿಣಕ್ ಮಿಣಕ್ ಅಂತಿದೆ. ಮಗಳು ಆನ್‌ಲೈನ್ ಅರ್ಜಿ ತುಂಬುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ನಿಮ್ಮ ಮುಖ ನೋಡ್ತಿದ್ದಾಳೆ. ಯಾರಿಗೆ ಫೋನ್ ಮಾಡ್ತೀರಿ?

ದೊಡ್ಡ ಊರಿನವರಾದರೆ ಯಾವುದೋ ಕಾಲ್ ಸೆಂಟರ್‌ಗೆ. ಅಲ್ಲಿ ಯಂತ್ರ ಮಾತಾಡುತ್ತೆ, ಒಂದು ಒತ್ತಿ, ಎರಡು ಒತ್ತಿ ಅನ್ನುತ್ತೆ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯವರಾದರೆ? ‘ಅಣ್ಣಾರ, ನಮ್ಮನಿ ನೆಟ್ ಹೋಗೇತ್ರಿ’ ಅಂತ ಹೆಸರು, ಮುಖ, ಮನೆ ಎಲ್ಲಾ ಗೊತ್ತಿರುವ ಒಬ್ಬ ಮನುಷ್ಯನಿಗೆ. ಆತನೂ ಅದೇ ಊರಿನವನು. ರಸ್ತೆ ಅಗೆಯುವಾಗ ಕೇಬಲ್ ತುಂಡಾದರೆ, ‘ಲೈನ್ ಕಟ್ ಆಗೇತಿ, ಸಂಜೀಕ್ ಚಾಲೂ ಆಗ್ತೈತಿ’ ಅಂತ ವಾಟ್ಸಾಪ್‌ಗೆ ಒಂದು ಸಾಲು ಹಾಕ್ತಾನೆ.

ಆ ಒಂದು ಸಾಲಿನ ಹಿಂದೆ ಎಷ್ಟು ದೊಡ್ಡ ಚರಿತ್ರೆ ಇದೆ ಅನ್ನೋದೇ ಇವತ್ತಿನ ಮಾತು. ಇಂಟರ್ನೆಟ್ ಚರಿತ್ರೆ ಅಂದ್ರೆ ನಾವು ಅಮೆರಿಕ ಅಂತೀವಿ, ಬಹಳ ಅಂದ್ರೆ ಬೆಂಗಳೂರು ಅಂತೀವಿ. ನಾನು ಹೇಳೋದು ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಯ ಕಥೆ.

ಮೊದಲಿಗೆ ಸಾವಿರ ವರ್ಷ ಹಿಂದಕ್ಕೆ ಹೋಗೋಣ. ಇದೇ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಒಂದು ವ್ಯಾಪಾರಿ ಸಂಘವಿತ್ತು. ಅಯ್ಯಾವೊಳೆ ಐನೂರ್ವರು ಅಂತ. ದಕ್ಷಿಣ ಭಾರತದುದ್ದಕ್ಕೂ ಇವರ ಶಾಸನಗಳಿವೆ. ಅಷ್ಟೇ ಅಲ್ಲ, ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಬರೂಸ್ ಬಳಿ 1088ನೇ ಇಸವಿಯ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಸಮುದ್ರದಾಚೆಗೂ ಸರಕು, ಸುದ್ದಿ, ಸಾಲ, ನಂಬಿಕೆ ಎಲ್ಲವನ್ನೂ ಒಯ್ದ ಜಾಲ ಅದು. ಅಂದ್ರೆ ಈ ನೆಲಕ್ಕೆ ‘ನೆಟ್‌ವರ್ಕ್’ ಹೊಸದಲ್ಲ ಸ್ವಾಮಿ.

ಹೊಸಕಾಲದ ಜಾಲ ಮಾತ್ರ ಬೇರೆ ಥರ ಬಂತು. 1884ರಲ್ಲಿ ಹೋಟಗಿ–ಗದಗ ರೈಲುಮಾರ್ಗ ಶುರುವಾಯ್ತು. ಬಾಗಲಕೋಟೆಗೆ ರೈಲು ಬಂತು, ಬಾದಾಮಿಗೆ ಬಂತು. ಹುನಗುಂದಕ್ಕೆ? ಇಳಕಲ್‌ಗೆ? ಬರಲಿಲ್ಲ. ಸೀರೆಗೆ ಹೆಸರಾದ ಊರು, ಗುಲಾಬಿ ಬಣ್ಣದ ಗ್ರಾನೈಟ್‌ಗೆ ಹೆಸರಾದ ಊರು ಹಳಿಯಿಂದ ಹೊರಗೇ ಉಳೀತು. ಇದನ್ನ ನೆನಪಲ್ಲಿಡಿ. ದೊಡ್ಡ ಲೈನ್ ತನಗೆ ಬೇಕಾದ ದಾರಿಯಲ್ಲಿ ಹೋಗುತ್ತೆ. ಅದು ನಿಮ್ಮ ಬಾಗಿಲಿಗೆ ಬರಬೇಕು ಅಂದ್ರೆ ಮಧ್ಯೆ ಇನ್ನೊಬ್ಬ ಬೇಕು.

ಟೆಲಿಫೋನ್ ವಿಷಯದಲ್ಲೂ ಹಾಗೇ ಆಯ್ತು. 1984ರಲ್ಲಿ ಸಿ–ಡಾಟ್ ಹುಟ್ಟಿತು. ಸ್ಯಾಮ್ ಪಿತ್ರೋಡಾ ಹೆಸರು ನೀವು ಕೇಳಿದ್ದೀರಿ. ಅಲ್ಲಿನ ಎಂಜಿನಿಯರ್‌ಗಳು ಹಳ್ಳಿಗಾಗಿಯೇ 128 ಪೋರ್ಟ್‌ಗಳ ಒಂದು ಪುಟ್ಟ ಎಕ್ಸ್‌ಚೇಂಜ್ ಮಾಡಿದರು. ಏಸಿ ಬೇಡ, ಧೂಳು, ಬಿಸಿಲು ತಡೆಯುತ್ತೆ. ಅದನ್ನ ದೇಶದಲ್ಲೇ ಮೊದಲು ಕೂರಿಸಿದ್ದು ಎಲ್ಲಿ ಗೊತ್ತಾ? ದೆಹಲಿಯಲ್ಲಲ್ಲ. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ! ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಬಾಗಲಕೋಟೆಯ ಬಿಸಿಲು ಉಂಡ ಯಾರಿಗಾದರೂ ‘ಏಸಿ ಇಲ್ಲದೆ ನಡೆಯೋ ಯಂತ್ರ’ ಅನ್ನೋ ಮಾತಿನ ಬೆಲೆ ಗೊತ್ತಾಗುತ್ತೆ.

ಆದರೆ ಎಕ್ಸ್‌ಚೇಂಜ್ ಬಂದ ಮಾತ್ರಕ್ಕೆ ಜನರ ಕೈಗೆ ಫೋನ್ ಬರಲಿಲ್ಲ. ಅದನ್ನ ಬೀದಿಗೆ ತಂದವನು ಎಸ್‌ಟಿಡಿ ಬೂತಿನವನು. ಹಳದಿ ಬೋರ್ಡು, ಗಾಜಿನ ಗೂಡು, ಮೇಲೆ ಕೆಂಪಕ್ಷರದಲ್ಲಿ ಓಡುವ ಮೀಟರ್. ರಾತ್ರಿ ಹೊತ್ತಾದಂತೆ ದರ ಇಳಿಯುತ್ತಿತ್ತು ಅಂತ ಜನ ಊಟ ಮುಗಿಸಿ ಸಾಲು ಹಚ್ಚುತ್ತಿದ್ದರು. ಇಲಾಖೆಯ ತಂತಿ, ಊರಿನವನ ಅಂಗಡಿ. ಈ ಜೋಡಿಯನ್ನ ಮರೀಬೇಡಿ.

ಈಗ ಇಂಟರ್ನೆಟ್‌ಗೆ ಬರೋಣ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಶುರು ಮಾಡಿತು. ಚಿತ್ರಗಳೂ ಕಾಣುವಂಥ ಸಂಪರ್ಕಕ್ಕೆ ವರ್ಷಕ್ಕೆ 15,000 ರೂಪಾಯಿ. ವೇಗ 9.6 ಕೆಬಿಪಿಎಸ್! ಇವತ್ತು ನೀವು ‘ಗುಡ್ ಮಾರ್ನಿಂಗ್’ ಅಂತ ಕಳಿಸೋ ಒಂದು ಹೂವಿನ ಫೋಟೋ ಇಳಿಯೋಕೆ ಆಗ ನಿಮಿಷಗಟ್ಟಲೆ ಬೇಕಿತ್ತು. ಅದೂ ದೊಡ್ಡ ನಗರಗಳಲ್ಲಿ ಮಾತ್ರ.

1998ರ ನವೆಂಬರ್‌ನಲ್ಲಿ ಸರ್ಕಾರ ಈ ಕ್ಷೇತ್ರವನ್ನ ಖಾಸಗಿಯವರಿಗೆ ತೆರೆಯಿತು. ಇಲ್ಲಿ ಒಂದು ಜಾಣ ನಿರ್ಧಾರ ಆಯ್ತು, ಅದನ್ನ ಯಾರೂ ಹೆಚ್ಚು ಮಾತಾಡಲ್ಲ. ಪರವಾನಗಿಯನ್ನ ಎ, ಬಿ, ಸಿ ಅಂತ ಮೂರು ಮಾಡಿದರು. ಎ ಅಂದ್ರೆ ಇಡೀ ದೇಶ. ಬಿ ಅಂದ್ರೆ ಹೆಚ್ಚುಕಮ್ಮಿ ಒಂದು ರಾಜ್ಯ ಅಥವಾ ಮಹಾನಗರ. ಸಿ ಅಂದ್ರೆ ಒಂದು ಜಿಲ್ಲೆಯಷ್ಟೋ ಎರಡು ಜಿಲ್ಲೆಯಷ್ಟೋ ದೊಡ್ಡದಾದ ಟೆಲಿಕಾಂ ವಲಯ. ಮುಂದೆ 2013ರ ಏಕೀಕೃತ ಪರವಾನಗಿಯಲ್ಲಿ ಎ ವರ್ಗದ ಪ್ರವೇಶ ಶುಲ್ಕ 30 ಲಕ್ಷ ಆದರೆ, ಸಿ ವರ್ಗಕ್ಕೆ ಬರೀ 20 ಸಾವಿರ. ಒಂದು ಹಳೇ ಬೈಕಿನ ದುಡ್ಡು! ಅಂದ್ರೆ ಕಾನೂನೇ ಒಪ್ಪಿಕೊಂಡಿತ್ತು: ಜಿಲ್ಲಾ ಮಟ್ಟದ ಚಿಕ್ಕ ಮನುಷ್ಯನೂ ಇಂಟರ್ನೆಟ್ ಕಂಪನಿ ನಡೆಸಬಹುದು ಅಂತ.

ಆದರೆ ಪರವಾನಗಿ ಕಾಗದ ಇದ್ದರೆ ಸಾಕಾ? ತಂತಿ ಬೇಕಲ್ಲ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ಸರ್ಕಾರದ ಲೆಕ್ಕದಲ್ಲಿ ಆಗ 256 ಕೆಬಿಪಿಎಸ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್. 2013ರಲ್ಲಿ ಅದು 512 ಆಯ್ತು. 2023ರಲ್ಲಿ 2 ಎಂಬಿಪಿಎಸ್. ಆಗಿನ ಬ್ರಾಡ್‌ಬ್ಯಾಂಡ್ ಹಳೇ ತಾಮ್ರದ ಫೋನ್ ತಂತಿಯಲ್ಲೇ ಬರುತ್ತಿತ್ತು. ನಾನು ಎಂಜಿನಿಯರಿಂಗ್ ಓದಿದವನು, ಒಂದೇ ಮಾತಲ್ಲಿ ಹೇಳ್ತೀನಿ: ಎಕ್ಸ್‌ಚೇಂಜ್‌ನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ತಾಮ್ರದಲ್ಲಿ ಆ ಸಿಗ್ನಲ್ ಸೊರಗಿಹೋಗುತ್ತೆ. ಊರ ನಡುವಿನವರಿಗೆ ನೆಟ್, ಊರಾಚೆಯವರಿಗೆ ಇಲ್ಲ.

ಬಾಗಲಕೋಟೆಗಂತೂ ಇನ್ನೊಂದು ಸಂಕಟ. ಆಲಮಟ್ಟಿ ಹಿನ್ನೀರಿಗೆ ಅರ್ಧ ಊರೇ ಹೋಯ್ತು. ಜನ ನವನಗರಕ್ಕೆ ಹೊರಟರು. ಸೆಕ್ಟರ್ ನಂಬರ್ ಹೊಸ ವಿಳಾಸ ಆಯ್ತು. ಊರು ಎದ್ದು ಹೋದರೆ ಮನೆಯ ಜೊತೆ ನಳ, ಕರೆಂಟು, ಫೋನು, ಕೇಬಲ್ ಎಲ್ಲಾ ಮತ್ತೆ ಮೊದಲಿಂದ. ಹೊಸ ಬೀದಿಯಲ್ಲಿ ಮನೆಯಿಂದ ಮನೆಗೆ ತಂತಿ ಎಳೆಯೋದಕ್ಕೆ ಹೈದರಾಬಾದಿನಿಂದಲೋ ಮುಂಬೈನಿಂದಲೋ ಯಾರೂ ಬರಲ್ಲ. ಊರಿನವನೇ ಎಳೀಬೇಕು.

ಆ ಊರಿನವನು ಯಾರು? ಕೇಬಲ್ ಟಿವಿಯವನು. ನಾನು ಈ ಮಾತನ್ನ ಋಣ ಇಟ್ಟುಕೊಂಡೇ ಹೇಳಬೇಕು. ನನ್ನ ಮುಖ ನಿಮ್ಮ ಮನೆಗೆ ಬಂದಿದ್ದೇ ಅವನ ತಂತಿಯಲ್ಲಿ. 1995ರ ಕೇಬಲ್ ಕಾಯ್ದೆ ಬಂದಾಗ ಅವನು ನೋಂದಣಿ ಮಾಡಿಸಿದ. ಆಮೇಲೆ ಕೇಂದ್ರ ಸರ್ಕಾರ ಡಿಜಿಟಲೀಕರಣ ಅಂತು. ನಮ್ಮಂಥ ಪಟ್ಟಣಗಳಿಗೆ 2015ರ ಕೊನೆಯ ಗಡುವು, ಹಳ್ಳಿಗಳಿಗೆ 2017ರ ಮಾರ್ಚ್. ಸೆಟ್‌ಟಾಪ್ ಬಾಕ್ಸ್ ಹಂಚಿ, ಸಾಲ ಮಾಡಿ, ಹಳೇ ಕೇಬಲ್ ಜೊತೆ ಫೈಬರ್ ಎಳೆದ. ಫೈಬರ್ ಅಂದ್ರೆ ಕೂದಲೆಳೆಯಷ್ಟು ಸಣ್ಣ ಗಾಜು. ಅದನ್ನ ಜೋಡಿಸೋ ಯಂತ್ರ ಕೊಂಡ, ಜೋಡಿಸೋದು ಕಲಿತ. ಟಿವಿಗೆ ಅಂತ ಎಳೆದ ಅದೇ ದಾರಿಯಲ್ಲಿ ನೆಟ್ ಕೊಡಬಹುದು ಅಂತ ಅವನಿಗೆ ಹೊಳೆಯೋಕೆ ಎಷ್ಟು ಹೊತ್ತು?

ಇಳಕಲ್ ಸೀರೆ ನೇಯುವವರಿಗೆ ಈ ಕೆಲಸ ತಟ್ಟನೆ ಅರ್ಥ ಆಗುತ್ತೆ. ಇಳಕಲ್ ಸೀರೆಯ ಒಡಲೇ ಬೇರೆ, ಸೆರಗೇ ಬೇರೆ. ಒಡಲಿನ ಹಾಸಿನ ಎಳೆಗೆ ಸೆರಗಿನ ಎಳೆಯನ್ನ ಒಂದೊಂದಾಗಿ ಕೊಂಡಿ ಹಾಕಿ ಸೇರಿಸ್ತಾರೆ. ಆ ಕೊಂಡಿ ಬಿಚ್ಚಿದರೆ ಸೀರೆ ಇಲ್ಲ. ದೇಶದ ದೊಡ್ಡ ಫೈಬರ್ ಒಡಲಾದರೆ ನಿಮ್ಮ ಮನೆ ಸೆರಗು. ಊರಿನ ನೆಟ್‌ನವನು ಮಾಡೋದು ಕೊಂಡಿಯ ಕೆಲಸ.

ಮುಂದೆ ಏನಾಯ್ತು ಅನ್ನೋದು ನಿಮಗೂ ಗೊತ್ತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. 2017ರ ಮಾರ್ಚ್‌ವರೆಗೂ ಡೇಟಾ ಪುಕ್ಕಟೆ. ಸಣ್ಣವರ ಕಥೆ ಮುಗೀತು ಅಂದರು ಎಲ್ಲರೂ. ಮುಗೀಲಿಲ್ಲ. ಯಾಕೆ? ಮೊಬೈಲ್‌ನಲ್ಲಿ ನೆಟ್ ರುಚಿ ಹತ್ತಿದ ಮನೆ, ಟಿವಿಗೂ ಬೇಕು ಲ್ಯಾಪ್‌ಟಾಪ್‌ಗೂ ಬೇಕು ಅಂತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರು, ಪುಣೆಯಿಂದ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ಮನೆಯಿಂದಲೇ ಕೆಲಸ, ಮನೆಯಿಂದಲೇ ಕ್ಲಾಸು. ಆ ದಿನಗಳಲ್ಲಿ ಪಾಸ್ ತೋರಿಸಿ, ಬೈಕ್ ಮೇಲೆ ಏಣಿ ಕಟ್ಟಿಕೊಂಡು ಕಂಬ ಹತ್ತಿದವನು ಯಾರು?

ಸರ್ಕಾರಕ್ಕೂ ಇದು ತಡವಾಗಿ ಅರ್ಥ ಆಯ್ತು. 2011ರಲ್ಲಿ ಒಪ್ಪಿಗೆ ಪಡೆದ ಯೋಜನೆ, ಇವತ್ತಿನ ಭಾರತ್‌ನೆಟ್, ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗೆ ಫೈಬರ್ ಒಯ್ಯೋದು ಅಂತ ಹೊರಟಿತು. ಪಂಚಾಯ್ತಿ ಕಟ್ಟಡಕ್ಕೆ ಫೈಬರ್ ಬಂದರೆ ಅಲ್ಲಿಂದ ಮನೆಗೆ ಯಾರು ಒಯ್ಯಬೇಕು? 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿಯ ಹೊಸ ಹಂತಕ್ಕೆ ಒಪ್ಪಿಗೆ ಕೊಟ್ಟಾಗ, ಊರಿನ ಉದ್ಯಮಿಯನ್ನೇ ಪಾಲುದಾರ ಮಾಡಿಕೊಂಡರು. ರೈಲ್‌ಟೆಲ್ ಕೂಡ ಹಳಿ ಪಕ್ಕದ ಫೈಬರನ್ನ ‘ರೈಲ್‌ವೈರ್’ ಹೆಸರಲ್ಲಿ ಮನೆಗೆ ಮುಟ್ಟಿಸೋದು ಊರಿನ ಕೇಬಲ್‌ನವರ ಕೈಯಿಂದಲೇ. ಎಸ್‌ಟಿಡಿ ಬೂತಿನ ಆ ಹಳೇ ಜೋಡಿ ಮತ್ತೆ ಬಂತು ನೋಡಿ.

ಹಾಗಂತ ಸಣ್ಣವರೆಲ್ಲಾ ಸಾಚಾ ಅಂತ ನಾನು ಹೇಳಲ್ಲ. ಬಿಲ್ ಕೇಳಿದರೆ ಚೀಟಿ ಕೊಡದವರಿದ್ದಾರೆ. ಕರೆಂಟ್ ಕಂಬದ ಮೇಲೆ ಜೇಡನ ಬಲೆ ಹಾಗೆ ತಂತಿ ಸುತ್ತಿದವರಿದ್ದಾರೆ. ‘100 ಎಂಬಿಪಿಎಸ್’ ಅಂತ ಮಾರಿ ರಾತ್ರಿ ಎಂಟಕ್ಕೆ ಹತ್ತೂ ಕೊಡದವರಿದ್ದಾರೆ. ಅದಕ್ಕೇ ನಿಮಗೆ ಸ್ವಲ್ಪ ಲೆಕ್ಕ ಗೊತ್ತಿರಬೇಕು.

100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಅಂದ್ರೆ ಸೆಕೆಂಡಿಗೆ 12.5 ಮೆಗಾಬೈಟ್, ಒಂದು ಜಿಬಿ ಸಿನಿಮಾ ಇಳಿಯೋಕೆ 80 ಸೆಕೆಂಡ್. ಇದು ಪೂರ್ತಿ ವೇಗ ಸಿಕ್ಕರೆ. ಆದರೆ ನಿಮ್ಮ ಮನೆಗೆ ಬರೋ ಫೈಬರ್ ನಿಮ್ಮೊಬ್ಬರದಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ ಎರಡೂವರೆ ಗಿಗಾಬಿಟ್ ಸಾಮರ್ಥ್ಯದ ಒಂದು ಎಳೆಯನ್ನ 32 ಅಥವಾ 64 ಮನೆಗೆ ಸೀಳ್ತಾರೆ. 64 ಮನೆಯವರೂ ಒಟ್ಟಿಗೆ ಪೂರ್ತಿ ಎಳೆದರೆ ತಲಾ 39 ಎಂಬಿಪಿಎಸ್ ಅಷ್ಟೇ. ಓಣಿಯ ನಳದ ಹಾಗೆ. ಎಲ್ಲರೂ ಒಂದೇ ಹೊತ್ತಿಗೆ ಬಿಟ್ಟರೆ ಧಾರೆ ಸಣ್ಣ. ಹಂಚೋದು ಮೋಸ ಅಲ್ಲ. ಅಳತೆ ಮೀರಿ ಹಂಚೋದು, ಮೇಲಿಂದ ಕಡಿಮೆ ಕೊಂಡು ಕೆಳಗೆ ಹೆಚ್ಚು ಮಾರೋದು, ಅದು ಮೋಸ.

ಇನ್ನು ಎಲ್ಲಾ ತಪ್ಪೂ ಅವನದೇ ಅಂತಲೂ ತಿಳೀಬೇಡಿ. ಬಾದಾಮಿ, ಗುಳೇದಗುಡ್ಡ ಕಡೆಯ ಕಲ್ಲಿನ ಮನೆಗಳ ಗೋಡೆ ಎಷ್ಟು ದಪ್ಪ ಅಂತ ನಿಮಗೇ ಗೊತ್ತು. ಆ ಗೋಡೆ ದಾಟುವಷ್ಟರಲ್ಲಿ ವೈಫೈ ಸುಸ್ತಾಗಿರುತ್ತೆ. ರೂಟರನ್ನ ಗೋಡೆಯ ಮಾಡದೊಳಗೆ ಮುಚ್ಚಿಡಬೇಡಿ, ನಡುಮನೆಯಲ್ಲಿ ಎತ್ತರಕ್ಕಿಡಿ. 5 ಗಿಗಾಹರ್ಟ್ಸ್‌ಗೆ ವೇಗ ಹೆಚ್ಚು, 2.4ಕ್ಕೆ ದೂರ ಹೆಚ್ಚು. ದೂರು ಕೊಡುವ ಮುನ್ನ ರೂಟರ್ ಪಕ್ಕದಲ್ಲೇ ನಿಂತು ವೇಗ ಅಳೆದು ನೋಡಿ. ‘ಎಲ್‌ಓಎಸ್’ ಅನ್ನೋ ದೀಪ ಕೆಂಪಗಿದ್ದರೆ ಮಾತ್ರ ಬೆಳಕೇ ಬರ್ತಿಲ್ಲ ಅಂತ ಅರ್ಥ. ಆಗ ರೂಟರ್ ಆಫ್ ಆನ್ ಮಾಡಿ ಪ್ರಯೋಜನ ಇಲ್ಲ, ಫೋನ್ ಮಾಡಿ.

ಈಗ ಪಣಕ್ಕಿರೋದು ಏನು ಅಂತ ಹೇಳ್ತೀನಿ. ದೊಡ್ಡ ಕಂಪನಿಗಳ ಫೈಬರ್, ಏರ್‌ಫೈಬರ್ ತಾಲೂಕು ಊರುಗಳಿಗೂ ಬರ್ತಿವೆ. ಓಟಿಟಿ ಜೊತೆ ಸೇರಿಸಿ ಅಗ್ಗಕ್ಕೆ ಕೊಡ್ತಿವೆ. ಬರಲಿ, ಪೈಪೋಟಿ ಒಳ್ಳೇದೇ. ಆದರೆ ಸಣ್ಣವರೆಲ್ಲಾ ಬಾಗಿಲು ಹಾಕಿದ ಮೇಲೆ ದರ ಏರಿದರೆ ನೀವು ಯಾರ ಹತ್ತಿರ ಹೋಗ್ತೀರಿ? ಹುನಗುಂದದ ಹೊಲದಂಚಿನ ನಾಲ್ಕು ಮನೆಗೆ ಲಾಭ ಇಲ್ಲ ಅಂತ ಯಾರೂ ಲೈನ್ ಎಳೆಯದಿದ್ದರೆ? 1884ರಲ್ಲಿ ಹಳಿ ಪಕ್ಕಕ್ಕೆ ಹೋಯ್ತು. ಅಂದಿನಿಂದ ಇಳಕಲ್ ರೈಲಿಗೆ ಕಾಯ್ತಾನೇ ಇದೆ.

ಆದ್ದರಿಂದ ಊರಿನ ನೆಟ್‌ನವರಿಗೆ ನನ್ನದು ನೇರ ಮಾತು: ಬಿಲ್ ಕೊಡಿ. ಸಂಜೆ ಹೊತ್ತಿನ ಖರೇ ವೇಗ ಹೇಳಿ. ಲೈನ್ ಹೋದರೆ ಕಾರಣ, ಸಮಯ ಎರಡನ್ನೂ ತಿಳಿಸಿ, ಹೋದ ದಿನದ ದುಡ್ಡು ಕಳೆದುಕೊಳ್ಳಿ. ಕಾಲ್ ಸೆಂಟರ್‌ಗೆ ಇಲ್ಲದ ಬಂಡವಾಳ ನಿಮ್ಮ ಹತ್ತಿರ ಇದೆ. ಅದು ನಂಬಿಕೆ. ನಗರಸಭೆ, ಪುರಸಭೆಯವರೇ, ರಸ್ತೆ ಅಗೆಯೋ ಹಿಂದಿನ ದಿನ ಕೇಬಲ್‌ನವರಿಗೆ ಒಂದು ಮಾತು ಹೇಳಿ. ಖರ್ಚಿಲ್ಲದ ಕೆಲಸ ಅದು.

ಇನ್ನು ವೀಕ್ಷಕರಿಗೆ: ಮುಂದಿನ ತಿಂಗಳು ನೆಟ್ ದುಡ್ಡು ಕೊಡುವಾಗ ಒಂದೇ ಪ್ರಶ್ನೆ ಕೇಳಿ. ‘ಅಣ್ಣಾರ, ಮ್ಯಾಲಿಂದ ಎಷ್ಟು ತಗೊಂಡು ನಮ್ಮೋಣಿಗೆ ಎಷ್ಟು ಮನಿಗೆ ಹಂಚೀರಿ?’ ಅವನು ಲೆಕ್ಕ ಹೇಳಿದರೆ ನೂರು ರೂಪಾಯಿ ಅಗ್ಗಕ್ಕೆ ಅಂತ ಅವನನ್ನ ಬಿಡಬೇಡಿ. ಹೇಳದಿದ್ದರೆ, ಬಿಡಿ.