ವಾಯುದ್ವಾರ ಆಕ್ಚುಯೇಟರ್: ದೋಷನಿರ್ಣಯ
ಮೋಟಾರು ವಾಹನದ ಡ್ಯಾಶ್‌ಬೋರ್ಡಿನ ಹಿಂದೆ, ಬಿಸಿಗಾಳಿ ತಂಗಾಳಿಗಳ ಮಿಶ್ರಣವನ್ನೂ ಹರಿವಿನ ದಿಕ್ಕನ್ನೂ ನಿಯಂತ್ರಿಸುವ ಕದಗಳನ್ನು ತಿರುಗಿಸುವ, ಸಣ್ಣ ವಿದ್ಯುನ್ಮೋಟಾರು ಹಾಗೂ ಪ್ಲಾಸ್ಟಿಕ್ ಹಲ್ಲುಗಾಲಿಗಳಿಂದ ಕೂಡಿದ ಸಾಧನ. ಇಗ್ನಿಷನ್ ಹಾಕಿದೊಡನೆ ಕೇಳಿಬರುವ ಟಿಕ್‌ಟಿಕ್ ಸದ್ದು ಸಾಮಾನ್ಯವಾಗಿ ಹಲ್ಲು ಮುರಿದ ಗಾಲಿಯನ್ನು ಸೂಚಿಸುತ್ತದೆ. ಒಂದು ಪಾರ್ಶ್ವದಲ್ಲಿ ಬಿಸಿ, ಇನ್ನೊಂದರಲ್ಲಿ ತಂಪು ಬರುವುದಾದರೋ ಶೈತ್ಯಕದ ಕೊರತೆಯಿಂದಲೂ ಸಂಭವಿಸಬಲ್ಲುದಾದ್ದರಿಂದ, ಲಕ್ಷಣಮಾತ್ರದಿಂದ ನಿರ್ಣಯಿಸಲಾಗದು. ಸಾಧನವನ್ನು ಬಿಚ್ಚಿ ಕದದ ದಂಡವನ್ನು ಕೈಯಿಂದ ತಿರುಗಿಸಿದಾಗ ಅದು ಸರಾಗವಾಗಿ ಚಲಿಸಿದರೆ ಕದವು ನಿರ್ದುಷ್ಟವೆಂದು ತಿಳಿದು, ತರುವಾಯ ಮಲ್ಟಿಮೀಟರಿನಿಂದ ಮೋಟಾರಿಗೆ ವಿದ್ಯುತ್ತು ತಲಪುವುದನ್ನೂ, ಪೊಟೆನ್ಷಿಯೋಮೀಟರುಳ್ಳ ಮಾದರಿಗಳಲ್ಲಿ ಸ್ಥಾನಸಂಕೇತವು 0–5 ವೋಲ್ಟುಗಳ ವ್ಯಾಪ್ತಿಯಲ್ಲಿ ಅವಿಚ್ಛಿನ್ನವಾಗಿ ಬದಲಾಗುವುದನ್ನೂ ಪರೀಕ್ಷಿಸಬೇಕು. ವಿದ್ಯುತ್ತು ತಲಪಿಯೂ ಚಲನೆಯಿಲ್ಲದಿದ್ದಲ್ಲಿ ದೋಷವು ಸಾಧನದ್ದು. ತಲಪದಿದ್ದಲ್ಲಿ ತಂತಿಯದು ಅಥವಾ ನಿಯಂತ್ರಕದ್ದು. ಹೊಸದನ್ನು ಜೋಡಿಸಿದ ಬಳಿಕ, ನಿಯಂತ್ರಕವು ಕದದ ಉಭಯ ಅಂತ್ಯಸ್ಥಾನಗಳನ್ನು ಮರಳಿ ಗುರುತಿಸುವಂತೆ ಮಾಡುವುದು ಅನೇಕ ವಾಹನಗಳಲ್ಲಿ ಅವಶ್ಯ.